ಕಿಟಕಿಯೆತ್ತರದ ಬಿದಿರು

ಭಾನುವಾರ ಕಾರ್ಖಾನೆಗೆ ಸೂಟಿ. ಹೊತ್ತೇರಿದ ಮೇಲೆ ಪೂನಂ ಹಿತ್ತಲಿನಲ್ಲಿ ಬಗ್ಗಿ ನಿಂತು ತಲೆ ತೊಳೆದುಕೊಳ್ಳುತ್ತಿದ್ದಳು. ಕಣ್ಣಿಗಿಳಿದ ನೊರೆಗೆ ನೀರು ಹೊಯ್ದುಕೊಂಡು ತಲೆಯೆತ್ತಿದರೆ, ಪಕ್ಕದ ಹೊಸ ಮನೆಯ ಮೇಲಿನ ಕಿಟಕಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಮೊಬೈಲು. ಅದರ ಬೆನ್ನು ಇವಳ ಕಡೆ ತಿರುಗಿತ್ತು.

"ಏ! ಏನ್ ಮಾಡಾಕತ್ತೀಯೋ?" ಎಂದು ಚೀರಿದಳು.

ಅವನು ಹಿಂದೆ ಸರಿಯಲಿಲ್ಲ. ನಕ್ಕ. ಮೊಬೈಲನ್ನು ಇನ್ನಷ್ಟು ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಆರಾಮಾಗಿ ಒಳಗೆ ಹೋದ. ಪೂನಂ ಕೈಯಲ್ಲಿದ್ದ ತಂಬಿಗೆಯನ್ನು ಬೀಸಿ ಒಗೆದಳು. ಅದು ಕಿಟಕಿಯನ್ನು ಮುಟ್ಟದೆ ಗೋಡೆಗೆ ಬಡಿದು, ನೆಗ್ಗಿ, ಅವಳ ಕಾಲ ಬುಡಕ್ಕೇ ಬಂದು ಬಿತ್ತು.

ಬಸವಕಲ್ಯಾಣದ ಆ ಓಣಿಯಲ್ಲಿ ಪೂನಂಳ ಅತ್ತೆ ಮನೆ ಹಳೆಯದು. ಮುಂದೆ ಎರಡು ಖೋಲಿ, ಹಿಂದೆ ಮನೆಗಿಂತ ದೊಡ್ಡ ಹಿತ್ತಲು. ಬಚ್ಚಲು, ಅರಿವೆ ಒಗೆಯುವ ಕಲ್ಲು, ನೀರಿನ ಹಂಡೆ, ಎಲ್ಲ ಅಲ್ಲೇ. ಅತ್ತೆ ದ್ರೌಪತಿಗೆ ಚಳಿಗಾಲ ಬಂತೆಂದರೆ ಆ ಹಿತ್ತಲೇ ಮನೆ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತು ತೊಗರಿ ಹಸನು ಮಾಡುತ್ತ, ಕೌದಿಗೆ ತೇಪೆ ಹಚ್ಚುತ್ತ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಪಕ್ಕದಲ್ಲಿ ಆಗ ಇದ್ದದ್ದು ಇವರದರಂಥದೇ ಒಂದು ಗಿಡ್ಡ ಮನೆ. ಅದನ್ನು ಕೆಡವಿ ಬಸವಕಿರಣ ಮೂರು ಅಂತಸ್ತು ಎಬ್ಬಿಸಿದ. ಕೆಳಗೆ ತಾನು, ಹೆಂಡತಿ, ಮುದಿ ತಾಯಿ. ಮೇಲಿನದನ್ನೆಲ್ಲ ಖೋಲಿ ಖೋಲಿ ಮಾಡಿ ಒಂಟಿ ಗಂಡಸರಿಗೆ ಬಾಡಿಗೆಗೆ ಕೊಟ್ಟ. ಬೀದಿಯ ಕಡೆ ಅಂಗಡಿಗಳ ಬೋರ್ಡು ಅಡ್ಡ ಬರುತ್ತವೆಂದು ಕಿಟಕಿಗಳನ್ನೆಲ್ಲ ಈ ಹಿತ್ತಲಿನ ಕಡೆಗೇ ಇಡಿಸಿದ್ದ.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಪೂನಂ ಅವನ ಬಾಗಿಲಿಗೆ ಹೋದಳು. ಬಸವಕಿರಣ ಚಹಾ ಕುಡಿಯುತ್ತ ಕೂತಿದ್ದ.

"ಕಿಟಕಿ ನನ್ನ ಜಾಗದಾಗ ಅದ ತಂಗಿ," ಎಂದ, ಕಪ್ಪು ಕೆಳಗಿಡದೆ. "ಮನಿ ಅಂದ ಮ್ಯಾಲ ಗಾಳಿ ಬೆಳಕ ಬೇಕಲ್ಲ. ಆ ಹುಡುಗ ಮೊಬೈಲ್ ನೋಡಕೋತ ನಿಂತಿರಬೇಕು. ಈಗ ಯಾರ ಕೈಯಾಗ ಮೊಬೈಲ್ ಇಲ್ಲ ಹೇಳ್ರಿ?"

"ಅಂವ ಮೊಬೈಲ್ ನೋಡಾಕತ್ತಿರಲಿಲ್ರೀ ಅಣ್ಣಾ. ಮೊಬೈಲ್ ನನ್ನ ನೋಡಾಕತ್ತಿತ್ತು."

"ಹಂಗಂದ್ರ ಒಂದ ಪರದಾ ಕಟ್ಟಕೋರಿ. ಬಯಲಾಗ ಜಳಕಾ ಮಾಡೋದು ಈಗಿನ ಕಾಲಕ್ಕ ಶೋಭಿಸ್ತದೇನು? ಒಳಗ ಒಂದ ಬಾತ್‌ರೂಮ್ ಕಟ್ಟಸ್ರಿ."

ಅವನು ಹೇಳಿದ ಧಾಟಿ ಹೇಗಿತ್ತೆಂದರೆ, ತಪ್ಪು ಮಾಡಿದವಳು ಇವಳೇ, ಅವನು ದೊಡ್ಡ ಮನಸ್ಸು ಮಾಡಿ ಬುದ್ಧಿ ಹೇಳಿ ಕಳಿಸುತ್ತಿದ್ದಾನೆ ಎನ್ನುವಂತೆ.

ಗಂಡ ಶೈಲೇಶ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಜಗಳವೆಂದರೆ ಅವನಿಗೆ ಮೈ ಬೆವರುತ್ತಿತ್ತು. ಎಲ್ಲ ಕೇಳಿಸಿಕೊಂಡು, ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಅಂದ: "ಇದನ್ನ ಇಲ್ಲಿಗೇ ಬಿಡು. ಠಾಣಾ, ಪಂಚಾಯ್ತಿ ಅಂತ ಹೊಂಟ್ರ ಹೆಸರು ಯಾರದ ಕೆಡ್ತದ? ನಿಂದ. ಮಂದಿ ಏನ್ ಏನ್ ಕಲ್ಪಿಸಕೋತಾರ ಗೊತ್ತದೇನು?"

"ಫೋಟೋ ತಗದಾಂವ ಅಂವ. ಹೆಸರು ನನ್ದ ಕೆಡ್ತದ?"

"ದುನಿಯಾ ಹಂಗ ಅದ."

"ದುನಿಯಾ ಅಲ್ರೀ. ನೀವು ಹಂಗ ಇದ್ದೀರಿ."

ಶೈಲೇಶ ತಾಡಪತ್ರಿ ತಂದು ಕಟ್ಟಿದ. ಗಾಳಿ ಅದನ್ನು ಒಂದೇ ವಾರದಲ್ಲಿ ಹರಿದು ಹಾಕಿತು. ಗೋಡೆ ಎತ್ತರಿಸೋಣವೆಂದರೆ, ಕಲ್ಲು ಮಣ್ಣಿನ ಹಳೇ ಗೋಡೆ ಇನ್ನೊಂದು ವರಸೆ ತಡೆಯುವುದಿಲ್ಲ ಎಂದ ಗವಂಡಿ; ಅದು ಎರಡೂ ಮನೆಯ ನಡುವಿನ ಗೋಡೆ, ನಾನು ಒಪ್ಪುವುದಿಲ್ಲ ಎಂದ ಬಸವಕಿರಣ. ದ್ರೌಪತಿ ಅಡಿಗೆ ಮನೆಯ ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಜಳಕ ಮಾಡತೊಡಗಿದಳು. ಅಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಒಂದು ದಿನ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಳು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಬೆಚ್ಚಗಿನ ನೀರಿನಲ್ಲಿ ಅರಿವೆ ಹಿಂಡಿ ಅತ್ತೆಯ ಮೊಣಕಾಲಿಗೆ ಕಾವು ಕೊಡುವಾಗ ಪೂನಂ ಹಲ್ಲು ಕಚ್ಚಿದ್ದಳು.

ಪೂನಂ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಗುಳಿಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಕಂಪನಿ ಬಸ್ಸು ಸಸ್ತಾಪುರ ಬಂಗ್ಲಾ ದಾಟಿ, ಹೆದ್ದಾರಿ ಹಿಡಿದು, ಕಾರ್ಖಾನೆಗಳ ಸಾಲಿಗೆ ಹೊರಳುವಲ್ಲಿ ಒಂದು ಉದ್ದನೆಯ ಕಾಂಪೌಂಡು ಇತ್ತು. ಅದಕ್ಕೆ ಹೊಂದಿಸಿ ಬಿದಿರು ಹಚ್ಚಿದ್ದರು. ಎಷ್ಟು ದಟ್ಟವೆಂದರೆ ಒಳಗಿನ ಟಾಂಕಿ, ಪೈಪು ಒಂದೂ ಹೊರಗೆ ಕಾಣುತ್ತಿರಲಿಲ್ಲ. ದಿನಾ ನೋಡಿದ ಬಿದಿರೇ. ಅವತ್ತು ಕಿಟಕಿಗೆ ತಲೆ ಆನಿಸಿ ಕೂತಿದ್ದವಳು ನೆಟ್ಟಗಾದಳು. ಗೋಡೆ ಏರಿಸಬೇಡ ಅನ್ನಲು ಬಸವಕಿರಣನಿಗೆ ಹಕ್ಕಿರಬಹುದು. ನನ್ನ ನೆಲದಲ್ಲಿ ಗಿಡ ಬೆಳೆಸಬೇಡ ಎಂದು ಹೇಗೆ ಅಂದಾನು?

ಸಂಜೆ ಶೈಲೇಶನಿಗೆ ಹೇಳಿದಳು. ಜಗಳವಿಲ್ಲದ ದಾರಿ ಸಿಕ್ಕಿತೆಂದು ಅವನು ಖುಷಿಪಟ್ಟ. ಅವಳು ಕೆಲಸಕ್ಕೆ ಹೋದಾಗ ತಾನೇ ಹೋಗಿ, ಹೆದ್ದಾರಿ ಬದಿ ಲಾರಿಯಲ್ಲಿ ಗಿಡ ತಂದು ಮಾರುವವನಿಂದ ಹಳದಿ ಬಿದಿರಿನ ಸಸಿ ಹೇರಿಕೊಂಡು ಬಂದ. ಹೊಂಬಣ್ಣದ ಕೋಲು, ಅದರ ಮೇಲೆ ಕುಂಚದಿಂದ ಎಳೆದಂಥ ಹಸಿರು ಗೆರೆ. ಸಮುದ್ರದ ಕಡೆಯ ಊರಿನವಂತೆ. ಮಳೆಗಾಲದುದ್ದಕ್ಕೂ ನೋಡನೋಡುತ್ತ ಬೆಳೆದವು. ದೀಪಾವಳಿ ಹೊತ್ತಿಗೆ ಗೋಡೆ ದಾಟಿದವು. ದ್ರೌಪತಿ ಮತ್ತೆ ಹಿತ್ತಲಿಗೆ ಬಂದು, ಗಿಡದ ಮರೆಯಲ್ಲಿ ಮಣೆ ಹಾಕಿಕೊಂಡು ಕೂತಳು.

ಡಿಸೆಂಬರಿನಲ್ಲಿ ಚಳಿ ಬಿತ್ತು. ಈ ಕಡೆಯ ಚಳಿ ಹಸಿ ಚಳಿಯಲ್ಲ, ಒಣ ಗಾಳಿಯ ಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಬಿದಿರಿನ ಎಲೆಗಳು ಮೊದಲು ಸುರುಳಿ ಸುತ್ತಿಕೊಂಡವು, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿ ಉದುರಿದವು. ಹೊಂಬಣ್ಣದ ಕೋಲುಗಳು ತುದಿಯಿಂದ ಕಪ್ಪಾಗುತ್ತ ಬಂದವು. ಜನವರಿಗೆ ಕಿಟಕಿಗಳೆಲ್ಲ ಮತ್ತೆ ಬಿಚ್ಚಿಕೊಂಡಿದ್ದವು.

ಬಸವಕಿರಣ ತನ್ನ ಮಾಳಿಗೆಯ ಮೇಲಿಂದ ಬಗ್ಗಿ ಕೇಳಿದ: "ತಂಗಿ, ನಿಮ್ಮ ಗಿಡಕ್ಕ ಸ್ವೆಟರ್ ತಂದಿಲ್ಲೇನು?" ಅವನ ಹಿಂದೆ ಬಾಡಿಗೆಯವರು ನಕ್ಕರು. ಆ ನಗುವಿನಲ್ಲಿ ಒಂದನ್ನು ಪೂನಂ ಗುರುತಿಸಿದಳು.

ಒಣಗಿದ ಗಿಡವನ್ನು ಎರಡೂ ಕೈಯಿಂದ ಹಿಡಿದು ಕಿತ್ತಳು. ಬೇರು ಸಮೇತ ಬಂತು. ಅದನ್ನು ತಂದು ಶೈಲೇಶನ ಮುಂದೆ ಒಗೆದಳು. "ಬಣ್ಣ ಕೇಳಿದ್ರಿ. ಎತ್ತರ ಕೇಳಿದ್ರಿ. ಚಳಿ ತಡೀತದೇನಂತ ಒಂದ ಮಾತ ಕೇಳಲಿಲ್ಲ. ಇದ್ರ ಮರಿಯಾಗ ಕೂಡೋರು ನೀವಲ್ಲ, ಅದಕ್ಕ ಕೇಳಲಿಲ್ಲ."

ಮರುದಿನ ಪೂನಂ ಕೆಲಸಕ್ಕೆ ರಜೆ ಹಾಕಿ, ಸತ್ತ ಕೋಲೊಂದನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಹುಮನಾಬಾದಿಗೆ ಹೋದಳು.

ಊರ ಹೊರಗೆ, ಘಾಟಬೋರಾಳದ ಕಡೆ ಹೋಗುವ ರಸ್ತೆಯಲ್ಲಿ ಕರೀಮಾ ಎಂಬುವಳ ನರ್ಸರಿ ಇತ್ತು. ಕರೀಮಾ ಐವತ್ತು ದಾಟಿದ ಗಟ್ಟಿ ಹೆಂಗಸು. ಕೃಷಿ ಡಿಪ್ಲೊಮಾ ಓದಿ, ಗಂಡನ ಜೊತೆ ಶುರು ಮಾಡಿದ ವ್ಯಾಪಾರವನ್ನು ಈಗ ಒಬ್ಬಳೇ ನಡೆಸುತ್ತಿದ್ದಳು. ಮಾತು ಖಡಕ್ಕು. ಸತ್ತ ಕೋಲನ್ನು ತಿರುಗಿಸಿ ನೋಡಿ ಪಕ್ಕಕ್ಕೆಸೆದಳು.

"ಇದು ಬೆಚ್ಚಗಿನ ಸೀಮಿದು. ಅದೂ ನೆರಳ ಪರದಾದ ಕೆಳಗ ಕೂಸಿನಂಗ ಬೆಳಸಿದ್ದು. ನಮ್ಮ ಗಾಳಿಗೆ ಹ್ಯಾಂಗ ತಡದೀತು? ಯಾರ ಮಾರಿದ್ರು?"

"ಲಾರಿಯಾಂವ್ರೀ ಆಪಾ. ಮರುದಿನ ಇರಲೇ ಇಲ್ಲ."

"ಇರ್ತಾನೇನು?" ಕರೀಮಾ ಮುಂದೆ ನಡೆದಳು. "ಬಾ. ಎದಕ ಬೇಕು ನಿನಗ ಬಿದರ? ಚಂದಕ್ಕೋ, ಕಣ್ಣ ಮರಿಗೋ?"

"ಮರಿಗಿ."

"ಯಾರ ಕಣ್ಣ ಮರಿಗಿ?"

ಪೂನಂ ಹೇಳಿದಳು. ಬಸವಕಿರಣನನ್ನು ಬಿಟ್ಟರೆ, ಮನೆಯ ಹೊರಗೆ ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಿಟಕಿ, ಮೊಬೈಲು, ನಗು, ಅಡಿಗೆ ಮನೆಯ ಮೂಲೆ. ಹೇಳುತ್ತ ಹೇಳುತ್ತ ದನಿ ಏರಿ, ಆ ಕಡೆ ಕುಂಡಕ್ಕೆ ಮಣ್ಣು ತುಂಬುತ್ತಿದ್ದ ಆಳುಗಳು ಕೈ ನಿಲ್ಲಿಸಿದರು. ಕರೀಮಾ ಅವರನ್ನು ಕಣ್ಣಿನಲ್ಲೇ ಗದರಿ ಕೆಲಸಕ್ಕೆ ಹಚ್ಚಿದಳು. ಪೂನಂಳಿಗೆ ಸಮಾಧಾನ ಹೇಳಲು ಹೋಗಲಿಲ್ಲ. "ಹರಾಮಿ," ಎಂದಳು ಅಷ್ಟೇ. ಗಿಡ ತೋರಿಸತೊಡಗಿದಳು.

ಮುಳ್ಳಿನ ಹೆಬ್ಬಿದಿರು ಹೊಲದ ಬದುವಿಗೆ ಸರಿ, ಮನೆಗಲ್ಲ. ಲಾಠಿ ಮಾಡುವ ಗಟ್ಟಿ ಬಿದಿರು ನಮ್ಮ ನೆಲದ್ದೇ. ಚಳಿಗೂ ಬಗ್ಗದು, ಬಿಸಿಲಿಗೂ ಬಗ್ಗದು. ಆದರೆ ಚಳಿ ಮುಗಿಯುತ್ತಲೇ ಎಲೆ ಉದುರಿಸಿ ಬೋಳಾಗುತ್ತದೆ. "ಬ್ಯಾಸಗಿ ತುಂಬ ನಿನ್ನ ಹಿತ್ತಲ ಬಯಲ. ನಡೀತದೇನು?"

"ನಡ್ಯಂಗಿಲ್ಲ."

ನೆರಳು ಪರದೆಯ ಆಚೆ, ಬಯಲಿನಲ್ಲಿ, ಸಣ್ಣ ಎಲೆಯ, ಬೆರಳು ದಪ್ಪದ ಕೋಲಿನ ಬಿದಿರು ಸಾಲಾಗಿ ನಿಂತಿತ್ತು. ಅದೇ ಜನವರಿಯ ಅದೇ ಚಳಿ. ಎಲೆಯ ಅಂಚು ಅಲ್ಲಲ್ಲಿ ಕಂದಿದ್ದು ಬಿಟ್ಟರೆ ಬುಡದಿಂದ ತುದಿವರೆಗೆ ಹಸಿರು. "ಇದು ಬೇಲಿ ಬಿದರ. ಮೂರ ಚಳಿಗಾಲ ಇಲ್ಲೇ ಹೊರಗ ನಿಂತದ. ಇದಕ್ಕಿಂತ ಕೆಟ್ಟ ಚಳಿ ಬಿದ್ರೂ ತಡೀತದ. ಗುಂಪಾಗಿ ಬೆಳೀತದ, ಬೇರು ಓಡಂಗಿಲ್ಲ. ಎರಡ ಮಳಿಗಾಲ ಕೊಡು, ನಿನ್ನ ಕಿಟಕಿ ಮುಚ್ಚತದ. ಆದ್ರ ಈಗ ಹಚ್ಚಬ್ಯಾಡ. ಮೊದಲ ಮಳಿಗೆ ಹಚ್ಚು. ಚಳಿ ಬರೋದ್ರಾಗ ಬೇರು ಹಿಡೀಬೇಕು. ಬುಡಕ್ಕ ಒಣ ಎಲಿ ದಪ್ಪಗ ಹಾಸು, ನೀರು ಮುಂಜಾನೆ ಬಿಡು."

ಎರಡು ಮಳೆಗಾಲ ಎಂಬ ಮಾತಿಗೆ ಪೂನಂಳಿಗೆ ಸಿಟ್ಟೇ ಬಂತು. ಅವಳ ಕಣ್ಣು ಆಚೆ ಮೂಲೆಗೆ ಹೋಯಿತು. ಅಲ್ಲಿ ಕಬ್ಬಿಣದ ಡ್ರಮ್ಮುಗಳಲ್ಲಿ ಬೇರೆಯೇ ಒಂದು ಬಿದಿರು ಇತ್ತು. ಚಳಿಯ ಗುರುತೇ ಅದರ ಮೇಲಿರಲಿಲ್ಲ.

"ಅದು?"

"ಅದು ಓಡೋ ಬಿದರ. ಬರಫ್ ಬಿದ್ರೂ ಸಾಯಂಗಿಲ್ಲ. ಆದ್ರ ಬೇರು ನೆಲದೊಳಗ ಹರೀತಾವ. ಇಲ್ಲಿ ಹಚ್ಚಿದ್ರ ಅಲ್ಲಿ ಏಳತದ. ನೆಲದ ಫರಸೀ ಎತ್ತತದ, ಗೋಡಿ ಸಂದಿಗೆ ತೂರತದ. ಅದಕ್ಕ ಡ್ರಮ್ಮಿನಾಗ ಕೂಡಸೀನಿ."

"ಗೋಡಿ ದಾಟಿ ಆಚಿ ಮನಿ ಕೆಳಗೂ ಹೋಗ್ತದೇನ್ರಿ?"

ಕರೀಮಾ ಅವಳ ಮುಖ ನೋಡಿದಳು. "ಹೋಗ್ತದ. ಅವರ ಬಾತ್‌ರೂಮಿನಾಗ ಎದ್ದು ನಿಂದರ್ತದ. ನಿನ್ನ ಅತ್ತಿ ಅರಬಿ ಒಗಿಯೋ ಕಲ್ಲ ಕೆಳಗೂ ಹೋಗ್ತದ, ನಿನ್ನ ಅಡಿಗಿ ಮನಿಗೂ ಬರ್ತದ. ಹಿಂದಿನ ಮನ್ಯಾಗ ಯಾರ ಇದ್ದಾರ?"

ಹಿಂದಿನ ಮನೆಯಲ್ಲಿ ಹೊಲಿಗೆ ಹಾಕಿ ಬದುಕುವ ಫರ್ಹೀನ್ ಇದ್ದಳು. ಪೂನಂಳ ರವಿಕೆಗಳನ್ನೆಲ್ಲ ಹೊಲಿದುಕೊಡುವವಳು. ಪೂನಂ ಡ್ರಮ್ಮುಗಳ ಕಡೆಯಿಂದ ಹಿಂದೆ ಸರಿದಳು. ಆಮೇಲೆ ಬೇಲಿ ಬಿದಿರಿಗೆ ಹೇಳಿಟ್ಟು ಬಂದಳು.

ಜೂನಿನಲ್ಲಿ ತಾನೇ ಗುಣಿ ತೋಡಿದಳು. ಶೈಲೇಶ ಹಾರೆ ಕೇಳಿದರೆ ಕೊಡಲಿಲ್ಲ. ಮೊದಲ ಚಳಿಗಾಲಕ್ಕೆ ಗಿಡಗಳು ಗೋಡೆಯ ಎತ್ತರಕ್ಕಷ್ಟೇ ಬಂದಿದ್ದವು. ಆ ವರ್ಷದ ಚಳಿ ಹಿಂದಿನದಕ್ಕಿಂತ ಕೆಟ್ಟದಿತ್ತು. ಬೆಳಿಗ್ಗೆ ಹಂಡೆಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿದ್ದವು. ಪೂನಂ ಕಂಪನಿ ಬಸ್ಸಿಗೆ ಹೊರಡುವ ಮೊದಲು ಒಂದೊಂದು ಎಲೆಯನ್ನು ತಿರುಗಿಸಿ ನೋಡುತ್ತಿದ್ದಳು. ಅಂಚು ಕಂದಿದವು. ಸಾಯಲಿಲ್ಲ. ಎರಡನೇ ಮಳೆಗಾಲದಲ್ಲಿ ಬುಡದಿಂದ ಹೊಸ ಮೊಳಕೆಗಳು ಗುಂಪು ಗುಂಪಾಗಿ ಎದ್ದು, ಹಳೆಯವನ್ನು ಮೀರಿ, ಕಿಟಕಿಯ ಎತ್ತರಕ್ಕೆ ಹೋಗಿ ಬಾಗಿ ನಿಂತವು. ದಸರೆಯ ಹೊತ್ತಿಗೆ ಹಿತ್ತಲಿನಿಂದ ನೋಡಿದರೆ ಬಸವಕಿರಣನ ಮನೆ ಅಲ್ಲಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ದ್ರೌಪತಿ ಬಚ್ಚಲಲ್ಲಿ ಬೇಕಾದಷ್ಟು ನೀರು ಹೊಯ್ದುಕೊಂಡು ಜಳಕ ಮಾಡಿದಳು. ಒಳಗಿನಿಂದ ನೀರಿನ ಸಪ್ಪಳ ಕೇಳುತ್ತ ಪೂನಂ ರೊಟ್ಟಿ ಬಡಿದಳು.

ಅದಾಗಿ ತಿಂಗಳು ಕಳೆದಿರಲಿಲ್ಲ. ಒಂದು ಸಂಜೆ ಪೂನಂ ಕೆಲಸದಿಂದ ಬಂದರೆ ಹಿತ್ತಲು ಬಟಾಬಯಲಾಗಿ ಕಾಣಿಸಿತು. ಬಿದಿರಿನ ತಲೆಗಳೆಲ್ಲ ನೆಲದ ಮೇಲೆ ಬಿದ್ದಿದ್ದವು. ಗೋಡೆಯ ಮೇಲೆ ಹತ್ತಿ ನಿಂತು ಯಾರೋ ಸಾಲಿಗೆ ಸಾಲು ಸವರಿದ್ದರು. ಉಳಿದದ್ದು ಗೋಡೆಯ ಮಟ್ಟದ ಮೋಟುಗಳು. ಮೇಲೆ ಕಿಟಕಿಗಳು ತೆರೆದಿದ್ದವು.

"ಬಸವಕಿರಣ ಆಳು ಹಚ್ಚಿ ಕಡಸಿದ," ಎಂದಳು ದ್ರೌಪತಿ. ಬಾಗಿಲಲ್ಲಿ ಕೂತಿದ್ದಳು. "ನಾ ಬ್ಯಾಡಂತ ಒದರಿದೆ. ಗಾಳಿ ಬರಂಗಿಲ್ಲಂತ, ಹಾವ ಬರ್ತಾವಂತ. ಬಾಡಿಗಿ ಮಂದಿ ಖೋಲಿ ಬಿಡ್ತೇವಿ ಅಂದಾರಂತ."

ಶೈಲೇಶ ಕಡಿದ ತುಂಡುಗಳನ್ನು ಒಂದು ಕಡೆ ಒಟ್ಟುತ್ತಿದ್ದ. "ಹೋಗಲಿ ಬಿಡು, ಮತ್ತ ಬೆಳೀತಾವ," ಅಂದ.

ಪೂನಂ ಕರೀಮಾಗೆ ಫೋನ್ ಹಚ್ಚಿದಳು. ಕಡಿದ ಕೋಲು ಮತ್ತೆ ಎತ್ತರ ಏರುವುದಿಲ್ಲ, ಬುಡದಿಂದ ಹೊಸದು ಬರಬೇಕು, ಅದು ಮುಂದಿನ ಮಳೆಗೇ ಎಂದಳು ಕರೀಮಾ. ಅಂದರೆ ಈ ಚಳಿಗಾಲವೂ ಹೋಯಿತು. ಅಂದರೆ ಅತ್ತೆ ಮತ್ತೆ ಅಡಿಗೆ ಮನೆಯ ಮೂಲೆಗೆ. ಪೂನಂ ಅವತ್ತು ಅನ್ನ ಮುಟ್ಟಲಿಲ್ಲ. ಮರುದಿನ ಕೆಲಸ ಮುಗಿದದ್ದೇ ನರ್ಸರಿಗೆ ಹೋಗಿ, ಕರೀಮಾ ಇಲ್ಲದ ಹೊತ್ತಿನಲ್ಲಿ, ಆಳುಗಳ ಕೈಗೆ ದುಡ್ಡು ಕೊಟ್ಟು, ಓಡುವ ಬಿದಿರಿನ ಒಂದು ಡ್ರಮ್ಮನ್ನು ಆಟೋಕ್ಕೆ ಹಾಕಿಸಿಕೊಂಡು ಬಂದಳು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೂ ಅದನ್ನು ತಬ್ಬಿ ಹಿಡಿದು ಕೂತಿದ್ದಳು. ಇದು ಗೋಡೆ ದಾಟಲಿ. ಅವನ ಫರಸಿ ಎತ್ತಲಿ. ಅವನ ಕೋಣೆ ಕೋಣೆಯಲ್ಲಿ ಏಳಲಿ.

ಭಾನುವಾರ ಬೆಳಿಗ್ಗೆ ಹಾರೆ ತಗೊಂಡು ಗೋಡೆಯ ಬುಡಕ್ಕೆ ಹೋದಾಗ ದ್ರೌಪತಿ ಕೇಳಿದಳು, "ಇದೇನ ಹೊಸಾದು?"

ಪೂನಂ ಎಲ್ಲ ಹೇಳಿದಳು, ಏನೂ ಮುಚ್ಚಲಿಲ್ಲ. ಅತ್ತೆ ಬೇಡ ಅನ್ನುತ್ತಾಳೆಂದು ಕಾದಳು. ದ್ರೌಪತಿ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, ಕೇಳಿದಳು: "ಅವನ ಮನಿ ಕೆಳಗ ಮುಟ್ಟಾಕ ಎಷ್ಟ ದಿನ ಬೇಕು ಇದಕ್ಕ?"

"ದಿನ ಅಲ್ರೀ ಅತ್ತಿ. ವರ್ಷ ಬೇಕು. ಮೂರೋ ನಾಕೋ."

"ನಾಕ ವರ್ಷ!" ಮುದುಕಿಯ ಮುಖ ಕೆಂಪಾಯಿತು. ಇಷ್ಟು ದಿನ ಒಳಗೇ ನುಂಗಿದ್ದೆಲ್ಲ ಒಮ್ಮೆಲೇ ಹೊರಬಿತ್ತು. "ನಾಕ ವರ್ಷ ನಾ ಇರ್ತೀನೇನು? ಈ ಹಿತ್ತಲದಾಗ ನಾ ಮೂರ ಮಕ್ಕಳ ಎರದು ಬೆಳಸೀನಿ. ಒಲಿ ಮುಂದ, ಎಂಜಲ ನೀರಿನಾಗ ಕೂತು ಜಳಕಾ ಮಾಡೋ ಗತಿ ನನಗ! ನನಗ ಈ ಚಳಿಗಾಲದ ಬಿಸಲ ಬೇಕು. ಹಾರಿ ಕೆಳಗ ಇಡು. ನಡಿ."

"ಎಲ್ಲಿಗ್ರಿ?"

"ಅವನ ಬಾಗಲಿಗಿ. ಹೆಸರ ಕೆಡ್ತದ, ಹೆಸರ ಕೆಡ್ತದ ಅಂತ ಬಾಯಿ ಮುಚ್ಚಿ ಕೂತು ಏನ್ ಬಂತು? ಇವತ್ತ ಕೆಡಲಿ."

ದ್ರೌಪತಿ ಕಡಿದ ಬಿದಿರಿನ ತುಂಡುಗಳನ್ನು ಉಡಿಗೆ ಬಾಚಿಕೊಂಡಳು. ಪೂನಂ ಎರಡು ಹೊರೆ ಎಳೆದುಕೊಂಡು ಹಿಂದೆ ನಡೆದಳು. ಇಬ್ಬರೂ ಓಣಿ ಬಳಸಿ ಬಸವಕಿರಣನ ಮನೆಯ ಮುಂದೆ, ಬೀದಿಯಲ್ಲಿ, ಅವನ್ನೆಲ್ಲ ಸುರುವಿದರು. ಭಾನುವಾರದ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿದ್ದರು. ಸಪ್ಪಳಕ್ಕೆ ಬಾಗಿಲು ಬಾಗಿಲು ತೆರೆದವು.

ಬಸವಕಿರಣ ಹೊರಗೆ ಬಂದ. "ಏನ್ ತಂಗಿ ಇದು? ಬಾಗಲ ಮುಂದ ಕಸ ಹಾಕ್ತೀರಿ?"

"ನೀವ ಕಡಸಿದ್ದು, ನೀವ ಇಟಗೋರಿ," ಎಂದಳು ಪೂನಂ. ಆಮೇಲೆ ಅವನನ್ನು ಬಿಟ್ಟು ಓಣಿಯ ಕಡೆ ತಿರುಗಿ ನಿಂತಳು. "ಎಲ್ಲಾರೂ ಕೇಳ್ರಿ. ನಾನು ಬಿದರ ಯಾಕ ಹಚ್ಚೀನಿ ಅಂತ ಹೇಳ್ತೀನಿ. ಇವರ ಮ್ಯಾಲಿನ ಖೋಲ್ಯಾಗಿನಾಂವ ನಾ ತಲಿ ತೊಳಕೊಳ್ಳಾಗ ಮೊಬೈಲ್ ಹಿಡದು ಫೋಟೋ ತಗದ. ಇವರಿಗಿ ಹೇಳಿದ್ರ ಪರದಾ ಕಟ್ಟಕೋ ಅಂದ್ರು. ಪರದಾ ಹರೀತು. ಗೋಡಿ ಬ್ಯಾಡಂದ್ರು. ಗಿಡ ಹಚ್ಚಿದ್ರ ಕಡಸಿದ್ರು. ಯಾಕ? ಗಾಳಿ ಬೇಕಂತ. ಯಾವ ಗಾಳಿ ಬೇಕು ನಿಮಗ ನನ್ನ ಬಚ್ಚಲದಿಂದ?"

ಬಸವಕಿರಣ ತೊದಲಿದ: "ಸುಳ್ಳ… ಹಂಗೇನ ಇಲ್ಲ… ಮರ್ಯಾದಿ ಮಂದಿ ನಾವು, ಸುಮ್ಮ ಬೀದ್ಯಾಗ…"

"ಸುಳ್ಳಾದ್ರ ಅವನ್ನ ಕರೀರಿ ಕೆಳಗ. ಮೊಬೈಲ್ ತಗೊಂಡು ಬರ್ಲಿ. ಎಲ್ಲಾರೂ ಕೂಡೇ ಠಾಣೇಕ ಹೋಗೂನು."

ಮೇಲಿನ ಕಿಟಕಿಯೊಂದು ಮುಚ್ಚಿತು. ಓಣಿಯವರೆಲ್ಲ ಅದನ್ನು ನೋಡಿದರು.

ಒಳಗಿನಿಂದ ಬಸವಕಿರಣನ ತಾಯಿ ಧೂಳಮ್ಮ ಗೋಡೆ ಹಿಡಿದು ಬಂದಳು. ಹಳೇ ಮನೆಯಿದ್ದಾಗ ದ್ರೌಪತಿಯ ಜೊತೆ ಗೋಡೆಯ ಆಚೀಚೆ ನಿಂತು ಹರಟುತ್ತಿದ್ದವಳು. ಹೊಸ ಮನೆಯಾದ ಮೇಲೆ ಮಗ ಹೊರಗೆ ಬಿಟ್ಟದ್ದೇ ಕಡಿಮೆ. "ದ್ರೌಪತಿ, ಇಷ್ಟ ದಿನ ಆತು, ನನಗ ಯಾಕ ಹೇಳಲಿಲ್ಲ?" ಎಂದಳು.

"ನಿನ್ನ ಮಗಗ ಹೇಳಿದ್ವಿ. ಅವ ಹೇಳಲಿಲ್ಲೇನು?"

ಧೂಳಮ್ಮ ಮಗನ ಕಡೆ ತಿರುಗಿದಳು. ಬಸವಕಿರಣ ಕಾಲ ಬುಡದ ಬಿದಿರೆಲೆಗಳನ್ನು ನೋಡುತ್ತಿದ್ದ. ಮುದುಕಿ ಬೆನ್ನು ತಿರುಗಿಸಿ ಒಳಗೆ ಹೋದಳು. ಅವಳ ಹಿಂದೆಯೇ ಸೊಸೆಯೂ ಹೋಗಿ ಬಾಗಿಲು ಹಾಕಿಕೊಂಡಳು. ಬಸವಕಿರಣ ತನ್ನದೇ ಮನೆಯ ಹೊರಗೆ, ಎಲ್ಲರೆದುರು, ಒಬ್ಬನೇ ನಿಂತ.

ಶೈಲೇಶ ಓಣಿಯ ತಿರುವಿನಲ್ಲಿದ್ದ. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, "ನೀ ಹೇಳಿದ್ದು ಬರೋಬ್ಬರಿ ಇತ್ತು," ಎಂದ.

"ಇದನ್ನ ಅಲ್ಲಿ ನಿಂತು ಅನಬೇಕಿತ್ತು," ಎಂದು ಪೂನಂ ಅವನನ್ನು ದಾಟಿ ನಡೆದಳು. ಮಧ್ಯಾಹ್ನ ಅವಳು ಠಾಣೆಗೆ ಹೊರಟಾಗ ಅವನು ಕೇಳದೆಯೇ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದ. ಅಲ್ಲಿ ತನ್ನ ಹೆಸರು, ಅಂಗಡಿಯ ಹೆಸರು ಎಲ್ಲ ತಾನೇ ಮುಂದಾಗಿ ಹೇಳಿದ. ಅವಳು ಆಗಲೂ ಅವನ ಕಡೆ ನೋಡಲಿಲ್ಲ. ಆದರೆ ಮನೆಗೆ ಬರುವಾಗ ಅವನ ಪಕ್ಕದಲ್ಲೇ ನಡೆದಳು.

ಪೋಲೀಸರು ಬರುವಷ್ಟರಲ್ಲಿ ಆ ಬಾಡಿಗೆಯವನು ಗಂಟು ಕಟ್ಟಿಕೊಂಡು ಹೋಗಿಬಿಟ್ಟಿದ್ದ. ಅವನ ಮೊಬೈಲಿನಲ್ಲಿ ಏನಿತ್ತೆಂದು ಪೂನಂಳಿಗೆ ಇವತ್ತಿಗೂ ಗೊತ್ತಿಲ್ಲ. ಆ ಸಂಕಟ ಅವಳನ್ನು ಬಿಟ್ಟಿಲ್ಲ. ಇನ್ನೊಮ್ಮೆ ಗಿಡ ಮುಟ್ಟುವುದಿಲ್ಲವೆಂದು ಬಸವಕಿರಣ ಪೋಲೀಸರೆದುರು ಒಪ್ಪಿಕೊಂಡ. ಮೊದಲ ಮಹಡಿಯ ಗಾಜಿಗೆ ಬಿಳಿ ಬಣ್ಣ ಬಳಿಸಿದ. ಎರಡನೇ ಮಹಡಿಯದು ಹಾಗೇ ಉಳಿಯಿತು. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಎದುರಾದರೆ ಮುಖ ತಿರುಗಿಸುತ್ತಾನೆ.

ಓಡುವ ಬಿದಿರನ್ನು ಪೂನಂ ಮರಳಿ ಒಯ್ದು ಕೊಟ್ಟಳು. ಕರೀಮಾ ಡ್ರಮ್ಮನ್ನು ಅದರ ಜಾಗಕ್ಕೆ ಸರಿಸಿ, ಬೇಲಿ ಬಿದಿರಿನ ಇನ್ನೆರಡು ದೊಡ್ಡ ಬುಡ ಕೊಟ್ಟಳು. "ಮಳಿ ಬರೋ ತನ ತಡಿ," ಎಂದಳು. ಪೂನಂ ಈ ಸಲ ಅದಕ್ಕೆ ಸಿಟ್ಟಾಗಲಿಲ್ಲ.

ಚಳಿ ಬಿತ್ತು. ಮೋಟು ಬಿದಿರುಗಳು ಗೋಡೆಯ ಮಟ್ಟದಲ್ಲಿ ಹಸಿರಾಗಿಯೇ ನಿಂತಿದ್ದವು. ಅದರಾಚೆ, ಎರಡನೇ ಮಹಡಿಯ ಕಿಟಕಿಗಳು. ಜಳಕಕ್ಕೆ ದ್ರೌಪತಿ ಇನ್ನೂ ಅಡಿಗೆ ಮನೆಯ ಮೂಲೆಗೇ ಹೋಗಬೇಕಿತ್ತು. ಒಂದು ಭಾನುವಾರ ಅವಳು ಚಾಪೆ ತಂದು ಹಿತ್ತಲಿನ ನಟ್ಟನಡುವೆ ಹಾಸಿದಳು. ಪೂನಂ ಬೇಡವೆನ್ನಲಿಲ್ಲ. ಧೂಳಮ್ಮನೂ ಕೋಲೂರಿಕೊಂಡು ಓಣಿ ಬಳಸಿ ಬಂದಳು, ಮಗನನ್ನು ಕೇಳದೆ. ಮೂವರೂ ಕಿಟಕಿಗಳಿಗೆ ಎದುರಾಗಿ ಕೂತರು.

ಸ್ವಲ್ಪ ಹೊತ್ತಿಗೆ ಮೇಲೆ ಹೊಸ ಬಾಡಿಗೆಯವನೊಬ್ಬ ಬ್ರಷ್ ಕಚ್ಚಿಕೊಂಡು ಕಿಟಕಿಗೆ ಬಂದ. ಕೆಳಗೆ ನೋಡಿದ. ಮೂರು ಹೆಂಗಸರು ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಯಾರೂ ಸೆರಗು ಸರಿಮಾಡಿಕೊಳ್ಳಲಿಲ್ಲ, ಯಾರೂ ಬೈಯಲಿಲ್ಲ, ಯಾರೂ ಕಣ್ಣು ತೆಗೆಯಲಿಲ್ಲ. ಅವನು ಬಾಯಿಂದ ಬ್ರಷ್ ತೆಗೆದು, ಏನು ಮಾಡಬೇಕೆಂದು ತಿಳಿಯದೆ, ಒಂದು ಕೈಯಿಂದ ಕಿಟಕಿ ಎಳೆದುಕೊಂಡ. ಪೂನಂ ಮುಚ್ಚಿದ ಕಿಟಕಿಯನ್ನೂ ನೋಡುತ್ತಲೇ ಇದ್ದಳು. ಕೈ ಮಾತ್ರ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿತ್ತು.

"ಜರಾ ಮೆಲ್ಲಗ," ಎಂದಳು ದ್ರೌಪತಿ, ಕಾಲು ಚಾಚಿ. "ನನ್ನ ಮೊಣಕಾಲೇನ ಮಾಡ್ಯದ ನಿನಗ?"